ಕಡಲು ಒಯ್ದ ಕರಪತ್ರ

ಕಾರವಾರ

ಬಸಗೊಂಡಪ್ಪ ಕಾಕಾ, ನಿಮ್ಮ ನೀಲಾಳ ಶರಣು.

ಈ ಬಂದರಿಗೆ ಹಿಂದೆ ಇಂಗ್ಲಿಷರು ಮೆಣಸಿಗಾಗಿ ಬಂದರು, ಈಗ ನೌಕಾಪಡೆ ಬಂದಿದೆ. ಬಂದವರೆಲ್ಲ ಯಜಮಾನರು, ಇಲ್ಲೇ ಹುಟ್ಟಿದ ಮೀನುಗಾರರು ಎತ್ತಂಗಡಿ. ಅವರ ನಾಳಿನ ಸಭೆಗೆಂದು ನೀವು ಅಚ್ಚು ಹಾಕಿಸಿಕೊಟ್ಟ ಕರಪತ್ರಗಳನ್ನು, ನಮ್ಮ ಕೃಷ್ಣೆಯ ದಂಡೆಯೆಂದೇ ತಿಳಿದು, ನೀರಿನ ಪಕ್ಕ ಇಟ್ಟು ಊಟಕ್ಕೆ ಹೋದೆ. ಉಬ್ಬರ ಬಂದು ಎಲ್ಲವನ್ನೂ ಒಯ್ದಿತು. ಇಷ್ಟು ಯುದ್ಧನೌಕೆ ಕಾಯುವ ಕಡಲಲ್ಲಿ ಹಗಲುದರೋಡೆ!

“ನಮ್ಮ ಹೊಳಿ ಹಿಂಗ ಕದಿಯೂದಿಲ್ರೀ!” ಎಂದು ನಾನು ಕೂಗಾಡಿದರೆ, ಮೀನು ಮಾರುವ ದೇವಕಿಯಮ್ಮ ನಕ್ಕರು: “ಮೀನು ಓದ್ಲಿ ಬಿಡೇ, ನೀನು ಬಾಯಲ್ಲೇ ಹೇಳು.”

ಕರಪತ್ರದ ಒಂದು ಸಾಲೂ ನೆನಪಿಲ್ಲ. ಸರ್ಕಾರವನ್ನು ಕಾಯದೆ ಚಿಕ್ಕಪಡಸಲಗಿಯಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಕಥೆಯನ್ನೇ ನಾಳೆ ಸಭೆಯಲ್ಲಿ ಹೇಳುತ್ತೇನೆ. ದಿನಾ ಊಟದ ಹೊತ್ತಿಗೆ ನೀವು ಕೊರೆದು ಕೊರೆದು ಅದು ಬಾಯಿಪಾಠವಾಗಿದೆ.

ಆರೋಗ್ಯ ಛಲೋ ಇದೆ. ರೊಟ್ಟಿ ಕಳಿಸಿ, ಕರಪತ್ರ ಬೇಡ.

ನೀಲಾ