ಬಾಗಿಲಲ್ಲಿ ನಿಂತ ವೆಲಾಸಿರ್‍ಯಾಪ್ಟರ್

ಶನಿವಾರ, ಮೇ 17, ಬೆಳಗ್ಗೆ 6.40

ಗುಬ್ಬಿ,

ನಿನ್ನ ಕೋಣೆಯ ಬಾಗಿಲಲ್ಲಿ ನಿಂತಿರುವುದನ್ನು ನೋಡಿ ಕಿರುಚಬೇಡ, ಅದು ರಟ್ಟಿನ ಡೈನೋಸಾರ್. ಹೋದ ವಾರ ಸಿನಿಮಾದಲ್ಲಿ ಕಂಡು, ನಿನ್ನನ್ನು ದಿನಾ ರಾತ್ರಿ ನನ್ನ ಹಾಸಿಗೆಗೆ ಓಡಿಸುತ್ತಿರುವ ವೆಲಾಸಿರ್‍ಯಾಪ್ಟರ್ ಇದೇ. ಅಳತೆಯಲ್ಲಿ ಮೋಸವಿಲ್ಲ: ಮೂತಿಯಿಂದ ಬಾಲದ ತುದಿಗೆ ಎರಡು ಮೀಟರ್, ಅದರಲ್ಲಿ ಅರ್ಧದಷ್ಟು ಬರೀ ಬಾಲ! ಸಿನಿಮಾದವರು ಪಾಪದ ಪ್ರಾಣಿಯನ್ನು ಹಿಗ್ಗಿಸಿ, ಗರಿ ಕಿತ್ತು ತೋರಿಸಿದ್ದಾರೆ. ಗರಿ ಇತ್ತೆನ್ನುವುದಕ್ಕೆ ಪಳೆಯುಳಿಕೆಯ ಮುಂಗೈ ಮೂಳೆಯ ಮೇಲೆ ಗರಿ ನಾಟಿಕೊಂಡಿದ್ದ ಉಬ್ಬುಗಳೇ ಸಾಕ್ಷಿ. ಹಾರಲು ಮಾತ್ರ ಬರುತ್ತಿರಲಿಲ್ಲ. ನನ್ನದಕ್ಕೆ ಗ್ರಾಫ್ ಹಾಳೆಯ ಗರಿ.

ಪಾದ ಮುಟ್ಟಬೇಡ, ಗೋಂದು ಒಣಗಿಲ್ಲ. ಅವಸರದಲ್ಲಿ ಎರಡನ್ನೂ ಎಡಪಾದವಾಗಿಯೇ ಕತ್ತರಿಸಿಬಿಟ್ಟೆ, ಅದಕ್ಕೇ ಕುಣಿಯಲು ಹೊರಟ ಹಾಗಿದೆ. ಹಲ್ಲುಜ್ಜಲು ಎದ್ದ ತಾತ ಕನ್ನಡಕವಿಲ್ಲದೆ ಬಂದು, "ಯಾರಮ್ಮಾ ಈ ಕೋಳೀನ ಒಳಗೆ ಬಿಟ್ಟೋರು? ಹುಶ್, ನಡಿಯೇ ಆಚೆಗೆ!" ಎಂದು ಟವೆಲ್ ಬೀಸಿದರು. ಎರಡು ಗರಿ ಉದುರಿದವು. ನಗು ತಡೆಯಲಾರದೆ ನಾನು ನೆಲದ ಮೇಲೇ ಕೂತುಬಿಟ್ಟೆ. ಅವರಿಗೆ ಇನ್ನೂ ನಿಜ ಹೇಳಿಲ್ಲ, ನೀನೂ ಹೇಳಬೇಡ.

ಹಾಲು ಒಲೆಯ ಪಕ್ಕದಲ್ಲಿದೆ. ಪೂರ್ತಿ ಕುಡಿ, ಗಿಡಕ್ಕೆ ಸುರಿಯಬೇಡ. ನಾನು ಲ್ಯಾಬಿನಿಂದ ಬರುವುದು ಸಂಜೆ. ಇವತ್ತು ನಿನ್ನ ಹಾಸಿಗೆಯಲ್ಲೇ ಮಲಗುತ್ತೀಯಾ, ಪುಟ್ಟಾ? ನಿನ್ನ ಒದೆ ತಿಂದು ನನ್ನ ಪಕ್ಕೆಲುಬುಗಳು ಶರಣಾಗಿವೆ.

ನನ್ನ ಮಾತು ನಂಬಬೇಡ, ಟೇಪು ಹಿಡಿದು ನೀನೇ ಅಳೆ. ಸೊಂಟಕ್ಕೆ ಸೊಂಟ ಹೋಲಿಸುವುದೇ ನ್ಯಾಯ. ಅದರದು ನೆಲದಿಂದ 50 ಸೆಂಟಿಮೀಟರ್. ನಿನ್ನೆ ಪ್ಯಾಂಟ್ ಹೊಲಿಸಬೇಕು ಎಂದು ನಿನ್ನನ್ನು ಅಳೆದೆನಲ್ಲ, ಆ ಪ್ಯಾಂಟಿನ ನೆಪ ಸುಳ್ಳು.

ಇಂತಿ, ಅತ್ತೆ

ನಿನ್ನದು 62 ಸೆಂಟಿಮೀಟರ್.