ಇಪ್ಪತ್ತೊಂದು ಸಾವಿರದ ತೆಂಗಿನಕಾಯಿ

ಶಿರವಾಡ, ಕಾರವಾರ
೨೭-೯-೨೦೦೪, ಸೋಮವಾರ

ನಮ್ಮ ನಿಶಾಳ ಪಪ್ಪನಿಗೆ ವನಮಾಲಾಳ ನಮಸ್ಕಾರ.

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದ ಬೊಕ್ಕೆ ಮಾಯಿತೇ? ಹಡಗಿನ ಡಾಕ್ಟರಿಗೆ ತೋರಿಸಿ ಎಂದು ಎರಡು ಕಾಗದದಲ್ಲಿ ಬರೆದೆ, ನೀವು ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಬರೆಯುತ್ತೀರಿ. ನಿಶಾಳ ಕೆಮ್ಮು ಪೂರ್ತಿ ಹೋಯಿತು. ಚೌತಿಯ ಐದು ದಿನ ಅವಳು ಮನೆಯಲ್ಲಿ ಕೂತದ್ದೇ ಇಲ್ಲ, ಗಣಪತಿ ಮಂಟಪದಲ್ಲೇ ಠಿಕಾಣಿ.

ಈಗ ಸುದ್ದಿ ಕೇಳಿ. ಕೂತು ಓದಿ, ನಿಂತು ಓದಿದರೆ ನಗುತ್ತಾ ಸಮುದ್ರಕ್ಕೆ ಬಿದ್ದೀರಿ! ನಿಮ್ಮ ಅಕ್ಕನ ಪಾಡು ನಿಮಗೆ ಗೊತ್ತೇ ಇದೆ. ಮಾವನವರ ಅರ್ಗಾದ ಜಮೀನು ನೌಕಾನೆಲೆಗೆ ಹೋದಾಗ ಬಂದ ಪರಿಹಾರದಲ್ಲಿ ಗಂಗಕ್ಕನಿಗೆ ಬಿಡಿಗಾಸೂ ಸಿಗಲಿಲ್ಲ. ಅವಳೇ ಪಾಲು ಬೇಡವೆಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೆ ಅನ್ನುತ್ತಾರೆ ನಿಮ್ಮ ಅಣ್ಣ ರಾಮನಾಥ ಭಾವ. ಯಾವ ಕಾಗದಕ್ಕೂ ಒತ್ತಿಲ್ಲ ಅನ್ನುತ್ತಾಳೆ ಅವಳು. ಗಂಡ ಹೋದಮೇಲೆ ನಮ್ಮ ಹಿಂದಿನ ಮಾಡಿನಲ್ಲಿದ್ದು, ರವಿವಾರದ ಸಂತೆಯಲ್ಲಿ ಹರಿವೆ, ಬಸಳೆ ಮಾರುವವಳಿಗೆ ವಕೀಲರ ಫೀಸು ಎಲ್ಲಿಂದ ಬರಬೇಕು? ಅಂಕೋಲೆಯ ಕಾನೂನು ನೆರವು ಕೇಂದ್ರ ಒಂದೇ ಅವಳಿಗೆ ದಿಕ್ಕು. ಅಲ್ಲಿಯ ಅನಘಾ ವಕೀಲರು ಫೀಸಿನ ಮಾತೇ ಎತ್ತುವುದಿಲ್ಲ. ನಮ್ಮ ಶಿರವಾಡದ ಅರ್ಧ ಹೆಂಗಸರ ಫೈಲು ಅವರ ಕಪಾಟಿನಲ್ಲಿದೆ. ಆದರೆ ಆ ಕೇಂದ್ರಕ್ಕೆ ಹೊರಗಿನ ಸಂಸ್ಥೆಯೊಂದು ಕೊಡುತ್ತಿದ್ದ ಹಣ ಏಪ್ರಿಲಿಗೇ ನಿಂತುಹೋಗಿತ್ತು. ಟೈಪು ಮಾಡುವ ಹುಡುಗಿ ಸಂಬಳವಿಲ್ಲದೆ ಬರುತ್ತಿದ್ದಳು, ಚೌತಿ ಮುಗಿದ ಕೂಡಲೇ ಖೋಲಿ ಬಿಡಿ ಎಂದು ಮಾಲೀಕರು ಹೇಳಿಯಾಗಿತ್ತು.

ಅದಕ್ಕೆ ಸಂತೆಯ ಹೆಂಗಸರೆಲ್ಲ ಸೇರಿ ಗಣೇಶ ಮಂಡಳಿಯ ಅಧ್ಯಕ್ಷ ಪುಂಡಲೀಕನ ಮನೆಗೆ ಹೋದೆವು. ಮಾತಾಡಿದವಳು ಹೊನ್ನು. "ವರ್ಷಾ ವರ್ಷಾ ಫಲಾವಳಿ ಸವಾಲಿನ ದುಡ್ಡಲ್ಲಿ ಆರ್ಕೆಸ್ಟ್ರಾ ತರಿಸ್ತ್ರಿ. ಈ ವರ್ಷ ಆ ದುಡ್ಡು ಕೇಂದ್ರಕ್ಕೆ ಕೊಡಿ" ಎಂದಳು. ಪುಂಡಲೀಕ ತಲೆ ಕೆರೆದುಕೊಂಡು, "ಆಯ್ತು ಮಾರಾಯ್ತಿ, ಆರ್ಕೆಸ್ಟ್ರಾ ಇಲ್ದಿದ್ರೂ ಗಣಪತಿ ಮುಳುಗ್ತಾನೆ" ಎಂದ. ವಿಸರ್ಜನೆಯ ದಿನ ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಸಾರಿಯೂ ಹೇಳಿದ. ಫಲಾವಳಿಯೆಂದು ಗಣಪತಿಯ ಮೇಲೆ ಕಟ್ಟಿದ ಹಣ್ಣು, ಸೌತೆ, ಅಡಿಕೆ ಗೊನೆ ಎಲ್ಲ ಸವಾಲಿನಲ್ಲಿ ಹರಾಜಾಗಿ ಹೋದರೂ ಕೂಡಿದ್ದು ನಾಲ್ಕು ಸಾವಿರ ಮಾತ್ರ. ನನ್ನ ಜೀವ ಅರ್ಧ ಆಯಿತು.

ಉಳಿದದ್ದು ನಡುವಿನ ತೆಂಗಿನಕಾಯಿ. ಮಾವನವರ ಕಾಲದಿಂದಲೂ ಅದು ನಿಮ್ಮ ಮನೆಗೇ ಬರಬೇಕಲ್ಲ, ಅಷ್ಟು ಹೊತ್ತಿಗೆ ಸರಿಯಾಗಿ ರಾಮನಾಥ ಭಾವ ರೇಷ್ಮೆ ಅಂಗಿ ಹಾಕಿಕೊಂಡು ಕಾರಿನಿಂದ ಇಳಿದರು. ಪುಂಡಲೀಕ ಸಾರಿದ್ದು ಅವರಿಗೆ ಗೊತ್ತೇ ಇಲ್ಲ! ಯಾರೂ ಅವರ ಕಿವಿಗೆ ಹಾಕಲಿಲ್ಲ. ನಾನೂ ಹಾಕಲಿಲ್ಲ, ಬೇಕಾದರೆ ಬೈಯಿರಿ. ಅವರು "ಐನೂರು" ಎಂದರು. ಹಿಂದಿನಿಂದ "ಸಾವ್ರ" ಎಂದು ಹೆಂಗಸಿನ ದನಿ. ತಿರುಗಿ ನೋಡಿದರೆ ನಮ್ಮ ಗಂಗಕ್ಕ! ಭಾವ ನಕ್ಕು, "ಏ ಗಂಗೂ, ಇದು ಬಸಳೆ ವ್ಯಾಪಾರ ಅಲ್ದೆ" ಎಂದು ಎರಡು ಸಾವಿರ ಕೂಗಿದರು. ಗಂಗಕ್ಕ ಐದು ಅಂದಳು. ಭಾವ ಆರು. ಗಂಗಕ್ಕ ಹತ್ತು! ಅವಳ ಚೀಲದಲ್ಲಿದ್ದದ್ದು ಆರುನೂರ ನಲವತ್ತು, ಬೆಳಿಗ್ಗೆ ನಾನೇ ನೋಡಿದ್ದೆ. ಸೆರಗು ಜಗ್ಗಿ, "ಅಕ್ಕಾ, ಹುಚ್ಚು ಹಿಡೀತಾ ಎಂತ? ಅವ್ರು ಬಿಟ್ರೆ ಎಲ್ಲಿಂದ ತರೂದು?" ಎಂದೆ. "ಸುಮ್ನಿರೆ. ಅಣ್ಣ ನಂಗೆ ಏನಾದ್ರೂ ಬಿಟ್ಟದ್ದು ಉಂಟಾ ಇವತ್ತಿನ್ವರೆಗೆ?" ಎಂದಳು. ಹೀಗೇ ಏರುತ್ತಾ ಏರುತ್ತಾ ಅವಳು ಇಪ್ಪತ್ತು ಎಂದಳು. ಭಾವನ ಮುಖ ಕೆಂಪಾಗಿ, "ಇಪ್ಪತ್ತೊಂದು ಸಾವಿರ!" ಎಂದು ಕಿರುಚಿದರು. ಗಂಗಕ್ಕ ಗಣಪತಿಗೆ ಕೈಮುಗಿದು ಕೂತುಬಿಟ್ಟಳು.

ಪುಂಡಲೀಕ ಮೂರು ಸಲ ಕೂಗಿ ಕಾಯಿ ಕೊಟ್ಟ, ಶಾಲು ಹೊದಿಸಿದ. ಆಮೇಲೆ ಮೈಕಿನಲ್ಲಿ, "ಬಡ ಹೆಂಗಸರ ಕೋರ್ಟು ಕಚೇರಿ ಕೆಲಸಕ್ಕೆ ಇಷ್ಟು ದೊಡ್ಡ ಮನಸ್ಸು ಮಾಡಿದ ರಾಮನಾಥರಿಗೆ ಚಪ್ಪಾಳೆ" ಎಂದನಲ್ಲ, ಅಯ್ಯೋ ದೇವರೇ, ಆ ಮುಖ ನೀವು ನೋಡಬೇಕಿತ್ತು! ಗಣಪತಿಯ ಎದುರು ಕೂಗಿದ್ದನ್ನು ಇಲ್ಲ ಎನ್ನಲಾಗುತ್ತದೆಯೇ? ಮರುದಿನವೇ ಪೂರ್ತಿ ಹಣ ಕಳಿಸಿದರು. ಕೇಂದ್ರದ ಬಾಡಿಗೆ, ಹುಡುಗಿಯ ಸಂಬಳ ಎಲ್ಲ ಸೇರಿ ಒಂದು ವರ್ಷ ನಿಶ್ಚಿಂತೆ. ಶನಿವಾರ ನಾವು ಹನ್ನೊಂದು ಜನ ಬಸ್ಸಿನಲ್ಲಿ ಅಂಕೋಲೆಗೆ ಹೋಗಿ ಸಿಹಿ ಹಂಚಿ ಬಂದೆವು. ಅನಘಾ ವಕೀಲರು ಮೊದಲು ತೆಗೆದದ್ದು ಗಂಗಕ್ಕನ ಫೈಲು. ನನಗೆ ಅಲ್ಲೇ ಅಳು ಬಂತು, ಸಂತೋಷಕ್ಕೆ.

ಹೊತ್ತು ಹೊತ್ತಿಗೆ ಉಣ್ಣಿ. ದೇವರು ನಿಮ್ಮನ್ನು ನೀರಿನ ಮೇಲೆ ಕಾಪಾಡಲಿ. ನಿಶಾಳ ಮುತ್ತು, ಗಂಗಕ್ಕನ ಆಶೀರ್ವಾದ.

ನಿಮ್ಮ
ವನಮಾಲಾ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಗಂಗಕ್ಕ ಹೆಬ್ಬೆಟ್ಟು ಒತ್ತಿದಳೆನ್ನುವ ಆ ಕಾಗದದ ನಕಲು ಶನಿವಾರ ವಕೀಲರ ಕೈಗೆ ಬಂದಿತ್ತು. ಕೆಳಗೆ 'ನನ್ನ ಸಮಕ್ಷಮ' ಎಂದು ಸಾಕ್ಷಿ ಹಾಕಿದವರು ನೀವು. ಹದಿನಾಲ್ಕು ವರ್ಷ ನಿಮ್ಮ ಕಾಗದ ಓದಿದವಳಿಗೆ ಆ ಸಹಿ ಗುರುತು ಸಿಗದೇ ಇರುತ್ತದೆಯೇ? ವಕೀಲರು ನಿಮ್ಮ ಹೆಸರು ಓದಿದಾಗ ಗಂಗಕ್ಕ, "ಮಧು ಸಣ್ಣವ, ಅಣ್ಣ ಹೇಳ್ದ ಅಂತ ಹಾಕ್ದ" ಎಂದಳು, ಅಷ್ಟೇ. ಇವತ್ತೂ ನಿಮಗೆ ಕಳಿಸಲು ಮಿಡಿ ಉಪ್ಪಿನಕಾಯಿ ಕಟ್ಟುತ್ತಿದ್ದಾಳೆ. ಅವಳ ಹಾಗೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ನವೆಂಬರ ಹದಿನೆಂಟಕ್ಕೆ ಕೋರ್ಟಿದೆ. ನೋಡದ್ದನ್ನು ನೋಡಿದೆ ಎಂದು ಆವತ್ತು ಸಹಿ ಹಾಕಿದಿರಿ, ಈಗ ನೋಡಿಲ್ಲ ಎಂದು ಬರೆದು ಸಹಿ ಹಾಕಿ. ಮನೆಗಲ್ಲ, ಅನಘಾ ವಕೀಲರಿಗೆ ನೇರ ಕಳಿಸಿ. ಅವರ ವಿಳಾಸ ಹಿಂದಿನ ಪುಟದಲ್ಲಿ ಬರೆದಿದ್ದೇನೆ.