ಎಡಗಡೆಗೆ ಯಾರೂ ಕೈ ಹಾಕಬೇಡಿ

ಕೊಯಿಂಬ್ರಾ
ಏಪ್ರಿಲ್ 14, 2019

ಪ್ರೀತಿಯ ಮಗಳು ರಾಕೆಲ್‌ಗೆ,

ಅಮ್ಮನ ಮುತ್ತುಗಳು. ಅಳಿಯ ದುವಾರ್ತೆಗೂ ನನ್ನ ನೆನಪು ತಿಳಿಸು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಆಗಾಗ ದೂರು ಹೇಳುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಉತ್ತರ ಬರೆಯಲು ಇಷ್ಟು ತಡ ಮಾಡಿದೆನೆಂದು ಮುನಿಸಿಕೊಳ್ಳಬೇಡ. ಮಧ್ಯಯುಗದ ಮಠಗಳ ಮೇಲೆ ಪರೀಕ್ಷೆಯಿತ್ತು. ಆ ಸನ್ಯಾಸಿಗಳು ತಿಂದದ್ದು, ಉಪವಾಸ ಮಾಡಿದ್ದು ಎಲ್ಲವನ್ನೂ ಉರು ಹೊಡೆಯುವಷ್ಟರಲ್ಲಿ ನನಗೇ ವೈರಾಗ್ಯ ಬಂದಿತ್ತು. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ಮಗಳಾಗಿರುವುದಿಲ್ಲ, ವಕೀಲಳಾಗಿಬಿಡುತ್ತೀ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ, ವಿದ್ಯಾರ್ಥಿಗಳ ಹಬ್ಬದ ವಾರಕ್ಕೆ, ದುವಾರ್ತೆಯ ಅಪ್ಪ ಅಮ್ಮನನ್ನೂ ಕರೆದುಕೊಂಡು ಬರುತ್ತೀರಿ ಎಂದು ಬರೆದಿದ್ದೀಯ. ಬೀಗರು ಈ ಊರನ್ನು ನೋಡಿಲ್ಲ, ಇಲ್ಲಿ ನೋಡುವುದು ಏನಿದೆ, ಮಾಡುವುದು ಏನಿದೆ, ತಿಳಿಸು ಅಂದಿದ್ದೀಯ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: "ಅಮ್ಮಾ, ಅವ್ರ ಜೊತೆ ಊಟಕ್ಕೆ ಬರುವಾಗ ದಯವಿಟ್ಟು ಆ ಸ್ಟೂಡೆಂಟ್‌ಗಳ ಕರಿ ಹೊದಿಕೆ ಹಾಕ್ಕೊಂಡು ಬರಬೇಡ. ಅರವತ್ತಕ್ಕೆ ಅರಳು ಮರಳು ಅಂದ್ಕೋತಾರೆ."

ಮೊದಲು ನೋಡುವುದರ ವಿಷಯ ಮುಗಿಸೋಣ.

ಹಳೆಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗು. ಪುಸ್ತಕದ ಹುಳ ತಿನ್ನುವ ಬಾವಲಿಗಳ ಕಥೆ ಹೇಳು. ಅವುಗಳ ಹಿಕ್ಕೆ ಬೀಳದಿರಲೆಂದು ಮೇಜುಗಳಿಗೆ ಚರ್ಮ ಹೊದಿಸುತ್ತಾರೆ ಅಂದರೆ ಬೀಗರು ಖಂಡಿತ ಖುಷಿಪಡುತ್ತಾರೆ. ಬಾವಲಿ ನೋಡಬೇಕೆಂದು ಹಟ ಹಿಡಿದರೆ, ಅವು ಹಗಲಲ್ಲಿ ಮಲಗುತ್ತವೆ, ನನ್ನ ಜೊತೆ ವಾಸಿಸುವ ಹುಡುಗರ ಹಾಗೆ, ಎಂದು ಸಮಾಧಾನ ಹೇಳು. ಬೆನ್ನುಮುರುಕ ಎಂದೇ ಹೆಸರಾದ ಆ ಕಡಿದಾದ ಮೆಟ್ಟಿಲನ್ನು ಇಳಿಸು, ಹತ್ತಿಸಬೇಡ. ಬೀಗಿತ್ತಿಯ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ನಿನ್ನ ಮದುವೆಯಲ್ಲೇ ನೋಡಿದ್ದೇನೆ.

ಹಾಡು ಕೇಳಿಸದೆ ಮಾತ್ರ ಕಳಿಸಬೇಡ. ಆದರೆ ಮೊದಲೇ ಹೇಳಿಟ್ಟಿರು: ಇಲ್ಲಿ ಹಾಡು ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಗಂಟಲು ಸರಿಪಡಿಸಿಕೊಂಡು ಕೆಮ್ಮುತ್ತಾರೆ. ಹೋದ ವಾರ ಒಂದು ಪಡಖಾನೆಯಲ್ಲಿ ನಿಮ್ಮ ಲಿಸ್ಬನ್ನಿನವನೊಬ್ಬ ಎದ್ದು ನಿಂತು ಚಟಚಟ ಚಪ್ಪಾಳೆ ತಟ್ಟಿದ. ಗಿಟಾರ್ ಹಿಡಿದಿದ್ದ ಮುದುಕ ತಲೆ ಎತ್ತಿ, "ಸೊಳ್ಳೆ ಜಾಸ್ತಿನಾ ಸ್ವಾಮಿ?" ಎಂದು ಕೇಳಿದ. ನಾನು ನಕ್ಕು ನಕ್ಕು ನಿಜವಾಗಿಯೂ ಕೆಮ್ಮಿದೆ. ಅದನ್ನೇ ಮೆಚ್ಚುಗೆ ಎಂದುಕೊಂಡು ಆತ ಇನ್ನೊಂದು ಹಾಡಿದ.

ಒಂದು ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಕೆಳಪೇಟೆಯ ನನ್ನ ಬಾಡಿಗೆ ಮನೆಯನ್ನು ಮಾಲೀಕ ಪ್ರವಾಸಿಗರಿಗೆ ಕೊಟ್ಟ ಮೇಲೆ ನಾನು ಓದುವ ಈ ಹುಡುಗ ಹುಡುಗಿಯರು ಕೂಡಿ ನಡೆಸುವ ಮನೆಗೆ ಸೇರಿದ್ದು ನಿನಗೆ ಗೊತ್ತು, ಆದರೆ ನೀನು ಒಳಗೆ ಕಾಲಿಟ್ಟಿಲ್ಲ. ಬಾಗಿಲ ಮೇಲೆ "ಒದ್ದೆ ಕಾಲುಚೀಲಗಳ ಗಣರಾಜ್ಯ" ಎಂದು ಬರೆದಿದೆ. ಗೋಡೆಯ ತುಂಬ ಯಾರು ಯಾರೋ ಬಿಡಿಸಿದ ಚಿತ್ರ. ಊಟದ ಮೇಜು ಒಂದು ಕಾಲಕ್ಕೆ ಯಾವುದೋ ಹಟ್ಟಿಯ ಬಾಗಿಲಾಗಿತ್ತು, ಚಿಲಕ ಈಗಲೂ ಇದೆ, ಮೊಣಕೈ ಜೋಪಾನ. ಇಲ್ಲಿ ಮನೆಯ ಹುಟ್ಟುಹಬ್ಬವನ್ನು ವರ್ಷ ವರ್ಷವೂ ಶತಮಾನೋತ್ಸವ ಎಂದೇ ಆಚರಿಸುತ್ತಾರೆ. ನಮ್ಮಲ್ಲಿ ಓದುವ ಒಂದು ವರ್ಷ ಹೊರಗಿನ ನೂರಕ್ಕೆ ಸಮ ಎಂಬುದು ಲೆಕ್ಕ. ಹಾಗೆ ನೋಡಿದರೆ ನಾನು ಇಲ್ಲಿ ಮೂರು ಶತಮಾನ ಬದುಕಿದ್ದೇನೆ, ನಿನಗೆ ನನ್ನ ಅರವತ್ತರದ್ದೇ ಚಿಂತೆ.

ಈ ಮನೆಯ ಕಾನೂನು ಒಂದೇ: ಯಾವುದೇ ತೀರ್ಮಾನಕ್ಕೆ ಎಲ್ಲರ ಕೈಯೂ ಏಳಬೇಕು. ಒಬ್ಬರು ಬೇಡ ಅಂದರೂ ಬೇಡ. ನನ್ನನ್ನು ಸೇರಿಸಿಕೊಳ್ಳುವ ದಿನ ಟೆಲ್ಮೊ ಎಂಬ ಹುಡುಗ ಕೈ ಕಟ್ಟಿಕೊಂಡು ಕುಳಿತಿದ್ದ. ಅಜೋರ್ಸ್ ದ್ವೀಪದವನು. ಸಮುದ್ರದ ಜೀವಿಗಳ ಬಗ್ಗೆ ಓದುತ್ತಾನೆ, ಮೀನು ಮುಟ್ಟುವುದಿಲ್ಲ.

"ಅಜ್ಜಿ ಬಂದ್ರೆ ನಾವು ಸಿಗರೇಟ್ ಎಲ್ಲಿ ಸೇದೋದು?" ಅಂದ.

"ನಾನು ಬಿಟ್ಟು ಒಂದು ವರ್ಷ ಆಯ್ತಪ್ಪ. ಜೊತೆ ಬೇಕಾದ್ರೆ ಮತ್ತೆ ಶುರು ಮಾಡ್ತೀನಿ," ಅಂದೆ.

ಅವನ ಕೈ ಎದ್ದಿತು.

ಈಗ ಹೊದಿಕೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಒಗೆಯಬಾರದು, ಒಗೆದರೆ ಓದಿದ ಕಾಲವೆಲ್ಲ ನೀರಲ್ಲಿ ಹೋಯಿತು ಎಂಬ ನಂಬಿಕೆ ನಿನಗೆ ಗೊತ್ತೇ ಇದೆ. ನಿನ್ನದನ್ನು ನೀನೂ ಒಗೆದಿರಲಿಲ್ಲ. ಅಂಚು ಹರಿಯುವ ನಿಯಮವೂ ಗೊತ್ತು, ದುವಾರ್ತೆಗೆ ತಿಳಿಯಲಿ ಎಂದು ಬರೆಯುತ್ತೇನೆ. ಓದು ಮುಗಿಯುವ ವರ್ಷ ವಿದ್ಯಾರ್ಥಿಯ ಹೊದಿಕೆಯ ಅಂಚನ್ನು ಬೇಕಾದವರು ಹರಿಯುತ್ತಾರೆ. ಕತ್ತರಿ ತಾಗಿಸುವಂತಿಲ್ಲ, ಹಲ್ಲಿನಲ್ಲಿ ಕಚ್ಚಿ ಕೈಯಲ್ಲಿ ಎಳೆಯಬೇಕು. ಬಲಗಡೆ ಗೆಳೆಯರದು, ಎಡಗಡೆ ಮನೆಯವರದು, ನಡುಬೆನ್ನಿನದು ಪ್ರೇಮಿಯದು. ನಡುವಿನದರ ಬಗ್ಗೆ ನನ್ನನ್ನು ಏನೂ ಕೇಳಬೇಡ. ಇಡೀ ಊರಿಗೆ ಹೇಳಿ ಕೊನೆಯಲ್ಲಿ ನಿನಗೆ ಹೇಳುತ್ತೇನೆ.

ನನ್ನ ಬಲಗಡೆ ಈಗ ಜೋಳದ ತೆನೆಯ ಸಿಪ್ಪೆಯ ಹಾಗೆ ಸೀಳು ಸೀಳಾಗಿದೆ. ಇಲ್ಲಿಯ ಹುಡುಗ ಹುಡುಗಿಯರೆಲ್ಲ ಸರದಿಯಲ್ಲಿ ಹರಿದರು. ಟೆಲ್ಮೊನ ಹಲ್ಲಿಗೆ ನೂಲು ಸಿಕ್ಕಿಕೊಂಡು ಊಟದವರೆಗೂ ಉಗುಳುತ್ತಿದ್ದ. ಆಮೇಲೆ ಇರಿಯಾ ಎದ್ದು ನಿಂತಳು. ಈ ಹುಡುಗಿ ನಿನ್ನ ಹಾಗೇ ಕಾನೂನು ಓದುವವಳು, ನಿನ್ನ ಹಾಗೇ ವಾದಿಸುವವಳು. ಸೋತಾಗ ಪಾತ್ರೆ ತೊಳೆಯುತ್ತಾಳೆ, ಅಷ್ಟೇ ವ್ಯತ್ಯಾಸ.

"ಡೋನಾ ಡೆಲ್ಫಿನಾ, ನಿಮ್ಮ ಎಡಗಡೆ ಹಾಗೇ ಇದೆ. ನಾವೇ ನಿಮ್ಮನೆಯವ್ರು ಅಂತ ತೀರ್ಮಾನ ಮಾಡೋಣ. ಯಾರ‍್ಯಾರು ಒಪ್ತೀರ, ಕೈ ಎತ್ತಿ."

ಮೇಜಿನ ಸುತ್ತ ಎಲ್ಲ ಕೈಗಳೂ ಎದ್ದವು. ಟೆಲ್ಮೊ ಎರಡೂ ಎತ್ತಿದ್ದ.

"ನಿಮ್ಮದು?" ಅಂದಳು ಇರಿಯಾ.

"ನಂದು ಏಳಲ್ಲ. ಎಡಗಡೆಗೆ ಯಾರೂ ಕೈ ಹಾಕಬೇಡಿ. ಅದಕ್ಕೆ ಹಕ್ಕುದಾರಳು ಇದ್ದಾಳೆ."

"ಅವ್ರು ಮೂರು ವರ್ಷದಲ್ಲಿ ಒಂದ್ಸಲಾನೂ ಬಂದಿಲ್ವಲ್ಲ ಅಜ್ಜಿ!" ಎಂದುಬಿಟ್ಟ ಟೆಲ್ಮೊ. ಇರಿಯಾ ಮೇಜಿನ ಕೆಳಗೆ ಅವನನ್ನು ಒದ್ದದ್ದು ನನಗೆ ಗೊತ್ತಾಯಿತು, ಏಕೆಂದರೆ ಆ ಒದೆ ನನಗೇ ಬಿತ್ತು.

"ಬರ್ತಾಳೆ. ಬರದಿದ್ರೆ ಎಡಗಡೆ ಹೀಗೇ ಇರುತ್ತೆ. ಹೀಗೇ ಹೊದ್ಕೊಂಡು ಇಡೀ ಊರು ಸುತ್ತುತೀನಿ," ಅಂದೆ. ಸಿಟ್ಟಿನಿಂದಲೇ ಅಂದೆ. ಆ ಸಿಟ್ಟು ಅವನ ಮೇಲಿನದಾಗಿರಲಿಲ್ಲ.

ಆದ್ದರಿಂದ, ಮಗಳೇ, ಇಲ್ಲಿ ಮಾಡುವುದು ಏನಿದೆ ಎಂದು ಕೇಳಿದೆಯಲ್ಲ, ನಿನಗೆ ಒಂದೇ ಕೆಲಸ ಇದೆ. ಹಬ್ಬದ ಭಾನುವಾರ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಓದು ಮುಗಿಸುವವರ, ಆಯಾ ವಿಭಾಗದ ಬಣ್ಣದ ರಿಬ್ಬನ್ ಕಟ್ಟಿದ ಫೈಲುಗಳಿಗೆ ಪಾದ್ರಿ ತೀರ್ಥ ಚಿಮುಕಿಸುತ್ತಾರೆ. ನನ್ನದು ಕಡುನೀಲಿ ರಿಬ್ಬನ್. ಆಶೀರ್ವಾದ ಮುಗಿದ ಮೇಲೆ ಎಲ್ಲರೆದುರು, ನಿನ್ನ ಅತ್ತೆ ಮಾವನ ಎದುರೂ, ಬಂದು ನನ್ನ ಎಡ ಅಂಚನ್ನು ಹರಿ. ಅಲ್ಲಿಂದ ನೇರ ಊಟಕ್ಕೆ ಹೋಗೋಣ. ನಾನು ಹೊದಿಕೆ ಹೊದ್ದೇ ಬರುತ್ತೇನೆ. ಅದು ಬೆವರು, ಹೊಗೆ, ವೈನು ಎಲ್ಲ ಕುಡಿದ ಬಟ್ಟೆ, ವಾಸನೆ ಬರುತ್ತದೆ. ಬೀಗಿತ್ತಿ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ತಿನ್ನುವುದು ಬಾಯಲ್ಲಿ ತಾನೇ.

ಇನ್ನೂ ಒಂದು ಮಾತು. "ನಮ್ಮಮ್ಮ ಯೂನಿವರ್ಸಿಟಿಲಿ ಇದ್ದರು" ಎಂದು ನೀನು ಅವರಿಗೆ ಹೇಳಿರುವುದು ನನಗೆ ಗೊತ್ತು. ಮದುವೆಯಲ್ಲಿ ಬೀಗರೇ ನನ್ನನ್ನು ಕೇಳಿದರು: "ಯಾವ ವಿಭಾಗ ಮೇಡಂ?" ಬಾಯಲ್ಲಿ ಕೇಕ್ ಇದ್ದದ್ದರಿಂದ ನೀನು ಬಚಾವಾದೆ. ಈ ಸಲ ಕೇಳಿದರೆ ಹೇಳುತ್ತೇನೆ: ಸೂಪಿನ ವಿಭಾಗ. ಕ್ಯಾಂಟೀನಿನ ಸೂಪಿನ ಹಂಡೆಯ ಹಿಂದೆ ನಿಂತು ನನ್ನ ಕೂದಲು ನರೆಯಿತು. ಅದರಲ್ಲೇ ನಿನ್ನನ್ನು ಓದಿಸಿದೆ, ಅದರ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಈಗ ಬಡಿಸಿದ ಊರಲ್ಲೇ ಕುಳಿತು ಓದುತ್ತಿದ್ದೇನೆ, ಅದಕ್ಕೂ ಇಲ್ಲ. "ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀಯಮ್ಮಾ?" ಎಂದು ನೀನು ಕೇಳಿದ್ದೆ. ಓದಿದ್ದೇನೆ ಕಣೇ, ಅದನ್ನೇ ಮಾಡಿದ್ದು.

ನೀನು ನೂರು ವರ್ಷ ನಗುನಗುತ್ತಾ ಬಾಳು. ದುವಾರ್ತೆಯ ಹೊಟ್ಟೆನೋವು ಕಡಿಮೆಯಾಗಲಿ, ಕಾಫಿ ಕಡಿಮೆ ಕುಡಿಯಲಿ. ನಿಮ್ಮಿಬ್ಬರ ಮೇಲೂ ದೇವಮಾತೆಯ ಕಣ್ಣಿರಲಿ. ಇಷ್ಟನ್ನೂ ಅವನಿಗೆ ಓದಿ ಹೇಳು.

ನಿನ್ನ ಅಮ್ಮ,
ಡೆಲ್ಫಿನಾ
(ಇತಿಹಾಸ ವಿಭಾಗ, ಮೂರನೆಯ ವರ್ಷ)

ತಾ.ಕ.: ಇದನ್ನು ಓದಿ ಹೇಳಬೇಡ, ಇದು ನಿನಗೊಬ್ಬಳಿಗೆ. ನಿನ್ನ ಹೊದಿಕೆಯ ಎಡಗಡೆ ಹರಿದವಳು ಅಡೆಲೈಡ್, ನಿನ್ನ ಸೋದರತ್ತೆ. ಒಳ್ಳೆಯ ಟೋಪಿ ಹಾಕಿಕೊಂಡು ಬಂದಿದ್ದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅದರ ಹಿಂದಿನ ವಾರ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೆ: "ಅಮ್ಮಾ, ಆ ಭಾನುವಾರ ನಿಂಗೆ ಕ್ಯಾಂಟೀನಲ್ಲಿ ರಜ ಸಿಗಲ್ಲ, ಅಲ್ವಾ?" ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. "ಇಲ್ಲ ಕಣೇ, ಸಿಗಲ್ಲ," ಅಂದೆ. ಆದರೂ ಬಂದೆ. ನೀಲಿ ಕೋಟು ಹಾಕಿಕೊಂಡು, ಅಂಗಳದ ಹಿಂಬದಿಯಲ್ಲಿ, ಹೂ ಮಾರುವವಳ ಪಕ್ಕದಲ್ಲಿ ನಿಂತಿದ್ದೆ. "ನಿಮ್ಮಮ್ಮ ಎಲ್ಲೇ?" ಎಂದು ನಿನ್ನ ಗೆಳತಿ ಕೇಳಿದ್ದು ಕೇಳಿಸಿತು. "ಅವ್ರಿಗೆ ರಜ ಸಿಗ್ಲಿಲ್ಲ ಕಣೇ," ಅಂದೆ ನೀನು. ಅಡೆಲೈಡ್ ಬಗ್ಗಿ ಅಂಚಿಗೆ ಹಲ್ಲು ಹಾಕಿದಳು. ನನಗೆ ರಜ ಸಿಕ್ಕಿತ್ತು, ರಾಕೆಲ್. ನೀನು ಬಂದು ಕೇಳುವುದಕ್ಕೆ ಒಂದು ತಿಂಗಳು ಮೊದಲೇ ನಾನು ಅದನ್ನು ಕೇಳಿ ಪಡೆದಿದ್ದೆ.